ಅರಸೀಕೆರೆಗೆ ಪಿಂಗ್ ಹೋಗುತ್ತೆ, ಹಾಸನಕ್ಕೆ ಹೋಗಲ್ಲ! ಫ್ರೇಮ್ ರಿಲೇ ಮ್ಯಾಪ್ ತಾಪತ್ರಯ

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಇಂಜಿನಿಯರಿಂಗ್ ಮುಗಿಸಿ ನೆಟ್‌ವರ್ಕಿಂಗ್ ಕಲಿಯುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಸ್ಕೋ 2600 ರೂಟರ್ ನಾಲ್ಕು ಸಿಕ್ಕವು. ಒಂದನ್ನು ಫ್ರೇಮ್ ರಿಲೇ (ದೂರದ ಕಚೇರಿಗಳನ್ನು ಜೋಡಿಸುವ ಹಳೇ ತಂತ್ರಜ್ಞಾನ) ಸ್ವಿಚ್ ಮಾಡಿದೆ. ಉಳಿದ ಮೂರಕ್ಕೆ ನಮ್ಮ ಊರುಗಳ ಹೆಸರನ್ನೇ ಇಟ್ಟೆ. ಹಾಸನ ಹಬ್ (ಮಧ್ಯದ ಕೇಂದ್ರ), ಐಪಿ 10.1.1.1. ಸಕಲೇಶಪುರ 10.1.1.2, ಅರಸೀಕೆರೆ 10.1.1.3. ಹಾಸನದಿಂದ ಸಕಲೇಶಪುರಕ್ಕೆ ಡಿಎಲ್‌ಸಿಐ (ದಾರಿಯ ನಂಬರ್) 102, ಆ ಕಡೆಯಿಂದ 201. ಅರಸೀಕೆರೆಗೆ 103, ಆ ಕಡೆಯಿಂದ 301. ಸಬ್ ಇಂಟರ್‌ಫೇಸ್ (ಒಂದೇ ಪೋರ್ಟನ್ನು ಹಲವು ಪೋರ್ಟ್‌ನಂತೆ ವಿಂಗಡಿಸುವುದು) ಇಲ್ಲ, ಎಲ್ಲಾ ನೇರ ಸೀರಿಯಲ್ ಪೋರ್ಟ್ ಮೇಲೆ. ಮೊದಲು ಸಕಲೇಶಪುರ ಮತ್ತು ಅರಸೀಕೆರೆ ಮಧ್ಯೆ ಪಿಂಗ್ (ಆ ತುದಿ ಉತ್ತರಿಸುತ್ತದಾ ಅಂತ ನೋಡುವ ಪರೀಕ್ಷೆ) ಆಗುತ್ತಿರಲಿಲ್ಲ. ಆ ಎರಡು ರೂಟರ್‌ಗಳಲ್ಲಿ ಒಂದೊಂದು ಫ್ರೇಮ್-ರಿಲೇ ಮ್ಯಾಪ್ ಸಾಲು (ಯಾವ ಐಪಿಗೆ ಯಾವ ಡಿಎಲ್‌ಸಿಐ ಅಂತ ಹೇಳುವುದು) ಹಾಕಿದೆ. ಎಲ್ಲದಕ್ಕೂ ಪಿಂಗ್ ಬಂತು. ಸೇವ್ ಮಾಡಿ ಮಲಗಿದೆ. ರಾತ್ರಿ ಮಳೆಗೆ ಕರೆಂಟ್ ಹೋಯಿತು. ಬೆಳಿಗ್ಗೆ ನೋಡಿದರೆ ಸಕಲೇಶಪುರದಿಂದ ಅರಸೀಕೆರೆಗೆ ಪಿಂಗ್ ಹೋಗುತ್ತದೆ, ಆದರೆ ಮಧ್ಯದ ಹಾಸನಕ್ಕೇ ಹೋಗುತ್ತಿಲ್ಲ! ರೂಟರ್‌ಗಳು ತಮ್ಮ ದಾರಿಗಳನ್ನು ಒಂದಕ್ಕೊಂದು ತಿಳಿಸುವ ರಿಪ್ ಕೂಡ ಅರ್ಧ ಕೆಟ್ಟಿದೆ. ಹಾಸನದ ರೂಟ್ ಈ ಕಡೆ ಕಾಣುತ್ತದೆ, ಈ ಕಡೆಯದು ಹಾಸನದಲ್ಲಿಲ್ಲ. ಕಾನ್ಫಿಗ್‌ನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಕೇಬಲ್ ಹಾಳಾಗಿರಬಹುದಾ?

ಉತ್ತರ: ಕೇಬಲ್ ಚೆನ್ನಾಗಿದೆ. ಅದನ್ನು ಮುಟ್ಟಬೇಡಿ. ಸಕಲೇಶಪುರದ ಪ್ಯಾಕೆಟ್ ಹಾಸನದ ಒಳಗೆ ಹಾದು ಅರಸೀಕೆರೆ ಮುಟ್ಟುತ್ತಿದೆ ಅಂದಮೇಲೆ ತಂತಿ, ಕ್ಲಾಕ್, ಸ್ವಿಚ್, ಎರಡೂ ಪಿವಿಸಿ (ಎರಡು ತುದಿಯ ನಡುವಿನ ಕಾಯಂ ದಾರಿ) ಎಲ್ಲಾ ಸರಿ ಇದ್ದೇ ಇರಬೇಕು ಅಲ್ವಾ? ಬಸ್ಸು ಹಾಸನದ ಸ್ಟ್ಯಾಂಡಿಗೆ ಬಂದು ಹೋಗುತ್ತಿದೆ. ಹಾಸನಕ್ಕೆ ಟಿಕೆಟ್ ಕೊಡುತ್ತಿಲ್ಲ, ಅಷ್ಟೇ.

ನೀವು ಕಳಿಸಿದ 'ಶೋ ಫ್ರೇಮ್-ರಿಲೇ ಮ್ಯಾಪ್' ಔಟ್‌ಪುಟ್‌ನಲ್ಲೇ ಉತ್ತರ ಇದೆ. ಹಾಸನದಲ್ಲಿ ಎರಡು ಸಾಲು: 10.1.1.2 ಡಿಎಲ್‌ಸಿಐ 102, 10.1.1.3 ಡಿಎಲ್‌ಸಿಐ 103, ಎರಡೂ 'ಡೈನಾಮಿಕ್' (ತಾನಾಗಿ ಕಲಿತದ್ದು), ಎರಡಕ್ಕೂ ಮುಂದೆ 'ಬ್ರಾಡ್‌ಕಾಸ್ಟ್' ಅಂತ ಇದೆ. ಸಕಲೇಶಪುರದಲ್ಲಿ ಒಂದೇ ಸಾಲು: 10.1.1.3 ಡಿಎಲ್‌ಸಿಐ 201, 'ಸ್ಟ್ಯಾಟಿಕ್' (ಕೈಯಲ್ಲಿ ಬರೆದದ್ದು). ಬ್ರಾಡ್‌ಕಾಸ್ಟ್ ಪದ ಇಲ್ಲ. 10.1.1.1 ಎಲ್ಲಿ? ಇಲ್ಲವೇ ಇಲ್ಲ. ಹಾಸನ ಯಾವ ದಾರಿಯಲ್ಲಿದೆ ಅಂತ ಸಕಲೇಶಪುರಕ್ಕೆ ಗೊತ್ತೇ ಇಲ್ಲ.

ಯಾಕೆ ಹೀಗಾಯಿತು ಅನ್ನೋದಕ್ಕೆ ಬುಡದಿಂದ ಬರೋಣ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡಿಕೊಂಡು ಕೂತುಕೊಳ್ಳಿ.

ಡಿಎಲ್‌ಸಿಐ ಅನ್ನೋದು ರೂಟರ್‌ನ ವಿಳಾಸ ಅಲ್ಲ. ಈ ತಪ್ಪು ತಿಳಿವಳಿಕೆಯಿಂದಲೇ ಅರ್ಧ ಗೋಳು. ಅದು ಬಸ್ ಸ್ಟ್ಯಾಂಡಿನ ಪ್ಲಾಟ್‌ಫಾರ್ಮ್ ನಂಬರ್ ಇದ್ದ ಹಾಗೆ. ಹಾಸನದ ಸ್ಟ್ಯಾಂಡಿನಲ್ಲಿ ಸಕಲೇಶಪುರದ ಬಸ್ಸು 5ರಲ್ಲಿ ನಿಲ್ಲುತ್ತೆ ಅಂತಿಟ್ಟುಕೊಳ್ಳಿ. ಸಕಲೇಶಪುರದಲ್ಲಿ ಹಾಸನದ ಬಸ್ಸು 2ರಲ್ಲಿ ನಿಲ್ಲಬಹುದು. ದಾರಿ ಒಂದೇ, ಆದರೆ ಆ ತುದಿಗೆ ಒಂದು ನಂಬರ್, ಈ ತುದಿಗೆ ಇನ್ನೊಂದು. 5 ಅನ್ನೋ ನಂಬರಿಗೆ ಹಾಸನದ ಸ್ಟ್ಯಾಂಡಿನಿಂದ ಹೊರಗೆ ಅರ್ಥವೇ ಇಲ್ಲ. ನಿಮ್ಮ 102 ಮತ್ತು 201 ಇದೇ ಥರ. ಹಾಸನದವನು 102ಕ್ಕೆ ಹತ್ತಿಸಿದ್ದು ಸಕಲೇಶಪುರದಲ್ಲಿ 201ರಿಂದ ಇಳಿಯುತ್ತೆ. ನಂಬರ್ ಅದಲುಬದಲು ಮಾಡುವ ಕೆಲಸ ಮಧ್ಯದ ಸ್ವಿಚ್‌ನದು. ನಿಮ್ಮ ನಾಲ್ಕನೇ ರೂಟರ್‌ನಲ್ಲಿ 'ಫ್ರೇಮ್-ರಿಲೇ ರೂಟ್' ಅಂತ ಬರೆದಿದ್ದೀರಲ್ಲ, ಅದೇ ಇದು.

ಈಗ ಐಪಿ ಪ್ಯಾಕೆಟ್ ಹೊರಡಬೇಕು. ಎದರ್‌ನೆಟ್‌ನಲ್ಲಾದರೆ ಐಪಿ ಗೊತ್ತು, ಮ್ಯಾಕ್ (ಯಂತ್ರದ ಕಾರ್ಡಿನ ವಿಳಾಸ) ಗೊತ್ತಿಲ್ಲ. ಆರ್ಪ್ ಮೂಲಕ 'ಈ ಐಪಿ ಯಾರದ್ದಪ್ಪಾ?' ಅಂತ ಇಡೀ ಬೀದಿಗೆ ಕೂಗಿ ಕೇಳುತ್ತೆ. ಫ್ರೇಮ್ ರಿಲೇಯಲ್ಲಿ ಕೂಗೋಕೆ ಬೀದಿಯೇ ಇಲ್ಲ. ಇಲ್ಲಿ ಪರಿಸ್ಥಿತಿ ತಿರುಗುಮುರುಗು. ಪ್ಲಾಟ್‌ಫಾರ್ಮ್ ನಂಬರ್ ಮೊದಲೇ ಗೊತ್ತು, ಸ್ವಿಚ್ ಎಲ್‌ಎಂಐ (ಸ್ವಿಚ್ ಮತ್ತು ರೂಟರ್ ನಡುವಿನ ಮಾತುಕತೆ) ಮೂಲಕ ಹೇಳಿರುತ್ತೆ. ಆ ಬಸ್ಸಿನ ಕೊನೇ ನಿಲ್ದಾಣದಲ್ಲಿ ಯಾರಿದ್ದಾರೆ ಅನ್ನೋದು ಗೊತ್ತಿಲ್ಲ. ಅದಕ್ಕೇ ಇದಕ್ಕೆ ಇನ್ವರ್ಸ್ ಆರ್ಪ್ ಅಂತ ಹೆಸರು. 1992ರಲ್ಲಿ ಆರ್‌ಎಫ್‌ಸಿ (ಇಂಟರ್‌ನೆಟ್ ತಂತ್ರಜ್ಞಾನದ ದಾಖಲೆ) 1293 ಆಗಿ ಬಂತು, 1998ರಲ್ಲಿ 2390 ಅದರ ಜಾಗಕ್ಕೆ ಬಂತು. ಆ್ಯಕ್ಟಿವ್ ಆದ ಪ್ರತಿ ಪಿವಿಸಿ ಮೇಲೂ 'ಆ ತುದಿಯಲ್ಲಿ ಯಾರು? ನಿಮ್ಮ ಐಪಿ ಹೇಳಿ' ಅಂತ ಒಂದು ಪ್ರಶ್ನೆ ಹೋಗುತ್ತೆ. ಉತ್ತರ ಬಂದರೆ ಮ್ಯಾಪ್‌ನಲ್ಲಿ ಡೈನಾಮಿಕ್ ಸಾಲು ಬೀಳುತ್ತೆ. ಬ್ರಾಡ್‌ಕಾಸ್ಟ್ ಪದವೂ ಪುಕ್ಕಟೆಯಾಗಿ ಜೊತೆಗೇ ಬರುತ್ತೆ.

ಇನ್ವರ್ಸ್ ಆರ್ಪ್ ಒಂದೇ ಪಿವಿಸಿಯ ಆ ತುದಿಯನ್ನು ಮಾತ್ರ ಕೇಳುತ್ತೆ. ಸಕಲೇಶಪುರದ 201ರ ಆ ತುದಿಯಲ್ಲಿ ಇರೋದು ಹಾಸನ. ಅರಸೀಕೆರೆ ಅಲ್ಲ. ಹಾಗಾಗಿ ಅರಸೀಕೆರೆಯ ಐಪಿ ತಾನಾಗಿ ಯಾವತ್ತೂ ಗೊತ್ತಾಗುವುದಿಲ್ಲ. ನೀವು 'ಅರಸೀಕೆರೆಗೆ ಹೋಗೋರೂ ಹಾಸನದ ಬಸ್ಸನ್ನೇ ಹತ್ತಿ' ಅಂತ ಕೈಯಲ್ಲಿ ಬೋರ್ಡ್ ಬರೆದು ಹಾಕಬೇಕು. ಆ ಬೋರ್ಡೇ ನೀವು ಹಾಕಿದ ಮ್ಯಾಪ್ ಸಾಲು. ಇಲ್ಲಿವರೆಗೆ ನೀವು ಮಾಡಿದ್ದು ಸರಿಯೇ.

ಎಡವಟ್ಟು ಆಗಿದ್ದು ಮುಂದೆ. ಒಂದು ಡಿಎಲ್‌ಸಿಐ ಮೇಲೆ ಐಪಿಗೆ ನೀವು ಕೈಯಾರೆ ಒಂದೇ ಒಂದು ಮ್ಯಾಪ್ ಹಾಕಿದರೂ ಸಾಕು, ಆ ಡಿಎಲ್‌ಸಿಐ ಮೇಲೆ ಐಪಿಗೆ ಇನ್ವರ್ಸ್ ಆರ್ಪ್ ಕೇಳುವುದನ್ನು ರೂಟರ್ ನಿಲ್ಲಿಸಿಬಿಡುತ್ತೆ. 'ಓ, ಈ ದಾರಿ ವಿಷಯ ಯಜಮಾನ್ರೇ ನೋಡ್ಕೋತಾರೆ' ಅಂತ ಸುಮ್ನೆ ಕೂರುತ್ತೆ. ಒಂದು ಎಚ್ಚರಿಕೆಯ ಸಾಲೂ ತೆರೆ ಮೇಲೆ ಬರುವುದಿಲ್ಲ. ಆದರೆ ಅದಕ್ಕೂ ಮುಂಚೆ ಕಲಿತ ಹಾಸನದ ಡೈನಾಮಿಕ್ ಸಾಲು ಮೆಮೊರಿಯಲ್ಲಿ ಹಾಗೇ ಉಳಿದಿರುತ್ತೆ. ಅದಕ್ಕೇ ರಾತ್ರಿ ಎಲ್ಲಾ ಚೆನ್ನಾಗಿತ್ತು. ಹಳೆ ಸಾಲು ಹಾಸನಕ್ಕೆ, ಹೊಸ ಸಾಲು ಅರಸೀಕೆರೆಗೆ. ಡೈನಾಮಿಕ್ ಸಾಲು ಕಾನ್ಫಿಗ್‌ನ ಭಾಗ ಅಲ್ಲ, ಸೇವ್ ಆಗಲ್ಲ. ಕರೆಂಟ್ ಹೋಯಿತು, ಅದೂ ಹೋಯಿತು. ಬೆಳಿಗ್ಗೆ ರೂಟರ್ ಎದ್ದಾಗ 201ರ ಮೇಲೆ ಸ್ಟ್ಯಾಟಿಕ್ ಸಾಲು ನೋಡಿತು, ಕೇಳುವ ಗೋಜಿಗೇ ಹೋಗಲಿಲ್ಲ. ಅರಸೀಕೆರೆಯಲ್ಲೂ 301ರ ಮೇಲೆ ಇದೇ ಕತೆ.

ಹಾಗಾದರೆ ಹಾಸನದ ಮ್ಯಾಪ್ ಹೇಗೆ ಭರ್ತಿಯಾಗಿದೆ ಅಂತ ನೀವು ಕೇಳಬಹುದು. ಹಾಸನದಲ್ಲಿ ಸ್ಟ್ಯಾಟಿಕ್ ಏನೂ ಇಲ್ಲ, ಅದು ಕೇಳುತ್ತಲೇ ಇದೆ. ಸಕಲೇಶಪುರ ತಾನಾಗಿ ಕೇಳುವುದನ್ನು ನಿಲ್ಲಿಸಿದೆ, ಕೇಳಿದವರಿಗೆ ಉತ್ತರ ಕೊಡುವುದನ್ನು ನಿಲ್ಲಿಸಿಲ್ಲ. ಹೀಗಾಗಿ ಹಾಸನಕ್ಕೆ ಇಬ್ಬರೂ ಗೊತ್ತು, ಇಬ್ಬರಿಗೂ ಹಾಸನ ಗೊತ್ತಿಲ್ಲ. ಹಾಸನದಿಂದ ಪಿಂಗ್ ಮಾಡಿ ನೋಡಿ, ಅದೂ ಬರಲ್ಲ. ಪ್ಯಾಕೆಟ್ ಸಕಲೇಶಪುರ ಮುಟ್ಟುತ್ತೆ, ಉತ್ತರ ಕಳಿಸಲು 10.1.1.1ಕ್ಕೆ ಮ್ಯಾಪ್ ಇಲ್ಲದೆ ಅಲ್ಲೇ ಬೀಳುತ್ತೆ. ಹಬ್‌ನಲ್ಲಿ ಕೂತವನು ತನ್ನ ಮ್ಯಾಪ್ ನೋಡಿ 'ನನ್ನ ಕಡೆ ಎಲ್ಲಾ ಸರಿ ಇದೆ' ಅಂತ ಪ್ರಮಾಣ ಮಾಡಿ ಹೇಳುತ್ತಾನೆ. ಅವನು ಹೇಳೋದು ನಿಜವೇ! ಪಿಂಗ್‌ಗೆ ಹೋಗುವ ದಾರಿಯೂ ಬೇಕು, ಬರುವ ದಾರಿಯೂ ಬೇಕು. ಮ್ಯಾಪ್ ನೋಡಿದರೆ ಎರಡೂ ತುದಿಯದು ನೋಡಬೇಕು.

ಕಣ್ಣಾರೆ ನೋಡಬೇಕು ಅಂದರೆ ಸಕಲೇಶಪುರದಲ್ಲಿ 'ಡೀಬಗ್ ಐಪಿ ಪ್ಯಾಕೆಟ್' ಹಾಕಿ ಹಾಸನಕ್ಕೆ ಪಿಂಗ್ ಮಾಡಿ. 'ಎನ್‌ಕ್ಯಾಪ್ಸುಲೇಷನ್ ಫೇಲ್ಡ್' ಅಂತ ಸಾಲು ಸಾಲಾಗಿ ಬರುತ್ತೆ. ಫ್ರೇಮ್ ರಿಲೇಯಲ್ಲಿ ಆ ಎರಡು ಪದ ಕಂಡರೆ ಸಾಮಾನ್ಯವಾಗಿ ಮ್ಯಾಪ್ ಇಲ್ಲ ಅಂತಲೇ ಅರ್ಥ. ರೂಟ್ ಗೊತ್ತು, ಇಂಟರ್‌ಫೇಸ್ ಗೊತ್ತು, ಯಾವ ಡಿಎಲ್‌ಸಿಐ ಹಚ್ಚಬೇಕು ಅಂತ ಗೊತ್ತಿಲ್ಲ. ಲ್ಯಾಬ್ ಆದ್ದರಿಂದ ಈ ಡೀಬಗ್ ಹೇಳಿದೆ. ನಾಳೆ ಕೆಲಸಕ್ಕೆ ಸೇರಿದ ಮೇಲೆ ಓಡುತ್ತಿರುವ ರೂಟರ್ ಮೇಲೆ ಇದನ್ನು ಹಾಕಿ ಅದು ಉಸಿರುಕಟ್ಟಿದರೆ ನನ್ನ ಹೆಸರು ಹೇಳಬೇಡಿ.

ಸರಿ ಮಾಡೋದು ಸುಲಭ. ಸಕಲೇಶಪುರದ ಸೀರಿಯಲ್ ಇಂಟರ್‌ಫೇಸ್ ಒಳಗೆ 'ಫ್ರೇಮ್-ರಿಲೇ ಮ್ಯಾಪ್ ಐಪಿ 10.1.1.1 201 ಬ್ರಾಡ್‌ಕಾಸ್ಟ್' ಅಂತ ಹಾಕಿ. ಅರಸೀಕೆರೆಯಲ್ಲಿ ಅದೇ ಸಾಲು, 201ರ ಬದಲು 301. ಕೆಲವರು ಇಲ್ಲಿ ಆ ತುದಿಯ ನಂಬರ್ ಹಾಕಿಬಿಡುತ್ತಾರೆ, ಸಕಲೇಶಪುರದಲ್ಲಿ ಕೂತು 102 ಅಂತ. ಮ್ಯಾಪ್‌ನಲ್ಲಿ ಬರೆಯುವ ಐಪಿ ಆ ಕಡೆಯದು, ಡಿಎಲ್‌ಸಿಐ ಯಾವಾಗಲೂ ಈ ಕಡೆಯದು. ಹೋಗಬೇಕಾದ ಊರು ಅಲ್ಲಿಯದು, ಪ್ಲಾಟ್‌ಫಾರ್ಮ್ ನೀವು ನಿಂತಿರುವ ಸ್ಟ್ಯಾಂಡಿನದು.

ಕೊನೆಯ ಆ ಬ್ರಾಡ್‌ಕಾಸ್ಟ್ ಪದವನ್ನು ಬಿಡಬೇಡಿ, ನಿಮ್ಮ ರಿಪ್ ಕೆಟ್ಟಿದ್ದು ಅದಿಲ್ಲದೇ. ರಿಪ್‌ನ ಅಪ್‌ಡೇಟ್ ಒಬ್ಬರ ವಿಳಾಸಕ್ಕೆ ಹೋಗಲ್ಲ, ಬ್ರಾಡ್‌ಕಾಸ್ಟ್ (ಎಲ್ಲರಿಗೂ) ಆಗಿಯೋ ಮಲ್ಟಿಕಾಸ್ಟ್ (ಒಂದು ಗುಂಪಿಗೆ) ಆಗಿಯೋ ಹೋಗುತ್ತೆ. ಫ್ರೇಮ್ ರಿಲೇಯಲ್ಲಿ ಅಂಥ ಪ್ಯಾಕೆಟ್ ಬಂದಾಗ ರೂಟರ್ ಯಾವ ಯಾವ ಮ್ಯಾಪ್ ಸಾಲಿನಲ್ಲಿ ಬ್ರಾಡ್‌ಕಾಸ್ಟ್ ಪದ ಇದೆ ಅಂತ ನೋಡಿ, ಅವಕ್ಕೆ ಮಾತ್ರ ಒಂದೊಂದು ಪ್ರತಿ ಕಳಿಸುತ್ತೆ. ಹಾಸನದ ಎರಡೂ ಸಾಲು ಡೈನಾಮಿಕ್, ಪದ ಇದೆ, ಅಪ್‌ಡೇಟ್ ಹೊರಡುತ್ತೆ. ಸಕಲೇಶಪುರದ ಸಾಲಿನಲ್ಲಿ ಪದ ಇಲ್ಲ, ಅದರ ಮಾತು ಬಾಯಲ್ಲೇ ಉಳಿಯುತ್ತೆ. ಅದಕ್ಕೇ ಅರ್ಧ ಕೆಟ್ಟಿದ್ದು. ಇನ್ನೂ ತಮಾಷೆ ನೋಡಿ, ಸಕಲೇಶಪುರದ 'ಶೋ ಐಪಿ ರೂಟ್'ನಲ್ಲಿ ಹಾಸನದ ರೂಟ್ ಚಂದವಾಗಿ ಕಾಣುತ್ತೆ, ಆದರೆ ಅದರ ನೆಕ್ಸ್ಟ್ ಹಾಪ್ (ಮುಂದಿನ ರೂಟರ್) 10.1.1.1, ಅದಕ್ಕೆ ಮ್ಯಾಪ್ ಇಲ್ಲ. ರೂಟ್ ಇದ್ದೂ ಉಪಯೋಗ ಇಲ್ಲ. ರೂಟಿಂಗ್ ಟೇಬಲ್ ಒಂದನ್ನೇ ನಂಬುವವರು ಇಲ್ಲಿ ಗಂಟೆಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತಾರೆ. ಅಂದಹಾಗೆ, ಒಂದೇ ಡಿಎಲ್‌ಸಿಐ ಮೇಲೆ ಎರಡು ಮ್ಯಾಪ್ ಸಾಲು ಇದ್ದಾಗ ಬ್ರಾಡ್‌ಕಾಸ್ಟ್ ಪದ ಹಾಸನದ ಸಾಲಿಗೆ ಮಾತ್ರ ಸಾಕು. ಎರಡಕ್ಕೂ ಹಾಕಿ ಒಂದೇ ದಾರಿಯಲ್ಲಿ ಜೋಡಿ ಪ್ರತಿ ಕಳಿಸುವ ಕೆಲಸ ಬೇಡ.

ಮುಂದೆ ರಿಪ್ ಬದಲು ಓಎಸ್‌ಪಿಎಫ್ ಹಾಕುವ ಆಸೆ ಇದ್ದರೆ ಬರೀ ಆ ಪದದಿಂದ ಆಗಲ್ಲ. ಇಂಥ ಇಂಟರ್‌ಫೇಸನ್ನು ಅದು ತಾನಾಗಿ ನಾನ್-ಬ್ರಾಡ್‌ಕಾಸ್ಟ್ ಅಂತ ಎಣಿಸುತ್ತೆ. ನೇಬರ್ (ಪಕ್ಕದ ರೂಟರ್) ಐಪಿಯನ್ನು ಕೈಯಲ್ಲಿ ಬರೆಯಬೇಕು, ಇಲ್ಲಾ ನೆಟ್‌ವರ್ಕ್ ಟೈಪ್ ಬದಲಿಸಬೇಕು. ಅದು ಬೇರೆ ದಿನದ ಪಾಠ.

ಮ್ಯಾಪ್ ನೋಡುವ ಮೊದಲು ಅದರ ಕೆಳಗಿನ ಮೆಟ್ಟಿಲುಗಳನ್ನೂ ಹೇಳಿಬಿಡುತ್ತೇನೆ. ನಿಮ್ಮ ಕೇಸಿನಲ್ಲಿ ಅವು ಸರಿ ಇವೆ, ಆದರೆ ಎಲ್ಲರಿಗೂ ಹಾಗೆ ಇರಲ್ಲ. 'ಶೋ ಫ್ರೇಮ್-ರಿಲೇ ಎಲ್‌ಎಂಐ' ಹಾಕಿ. ಕಳಿಸಿದ ಎನ್‌ಕ್ವೈರಿ ಸಂಖ್ಯೆ, ಬಂದ ಸ್ಟೇಟಸ್ ಸಂಖ್ಯೆ ಎರಡೂ ಜೊತೆಜೊತೆಗೆ ಏರಬೇಕು. 10 ಸೆಕೆಂಡಿಗೊಮ್ಮೆ ಒಂದು ಹೋಗುತ್ತೆ, ಆರನೆಯದಕ್ಕೊಮ್ಮೆ ಸ್ವಿಚ್ ತನ್ನಲ್ಲಿರುವ ಪಿವಿಸಿಗಳ ಪೂರ್ತಿ ಪಟ್ಟಿ ಕೊಡುತ್ತೆ. ಕಳಿಸಿದ್ದು ಮಾತ್ರ ಏರುತ್ತಿದ್ದರೆ ಎಲ್‌ಎಂಐ ಟೈಪ್ ಹೊಂದಿಲ್ಲ ಅಥವಾ ಕ್ಲಾಕ್, ಕೇಬಲ್ ತೊಂದರೆ. ಸಿಸ್ಕೋ ಟೈಪ್ ಡಿಎಲ್‌ಸಿಐ 1023ರ ಮೇಲೆ ಮಾತಾಡುತ್ತೆ, ಆನ್ಸಿ ಮತ್ತು ಕ್ಯೂ.933ಎ ಎರಡೂ 0ಯ ಮೇಲೆ. ಭಾಷೆ ಬೇರೆ ಆದರೆ ಮಾತುಕತೆಯೇ ಇಲ್ಲ. ಆಮೇಲೆ 'ಶೋ ಫ್ರೇಮ್-ರಿಲೇ ಪಿವಿಸಿ'. ಆ್ಯಕ್ಟಿವ್ ಅಂದರೆ ಎರಡೂ ತುದಿ ಸರಿ. ಇನ್‌ಆ್ಯಕ್ಟಿವ್ ಅಂದರೆ ನಿಮ್ಮ ಕಡೆ ಸರಿ, ಆ ತುದಿಯವರು ಮಲಗಿದ್ದಾರೆ. ಡಿಲೀಟೆಡ್ ಅಂದರೆ ಆ ನಂಬರಿನ ಪ್ಲಾಟ್‌ಫಾರ್ಮೇ ಇಲ್ಲ ಅಂತ ಸ್ವಿಚ್ ಹೇಳುತ್ತಿದೆ, ನಂಬರ್ ತಪ್ಪಾಗಿ ಬರೆದಿದ್ದೀರಿ. ಈ ಮೂರರಲ್ಲಿ ಆ್ಯಕ್ಟಿವ್ ಅಲ್ಲದೆ ಬೇರೇನಿದ್ದರೂ ಮ್ಯಾಪ್ ಕಡೆ ತಲೆ ಹಾಕಬೇಡಿ, ಸಮಯ ದಂಡ.

ಇನ್ನೊಂದು ಪ್ರಶ್ನೆ ನೀವು ಕೇಳಿಲ್ಲ, ಆದರೆ ಕೇಳೇ ಕೇಳುತ್ತೀರಿ. ಸಕಲೇಶಪುರದಿಂದ ಅದರದ್ದೇ ಐಪಿ 10.1.1.2ಕ್ಕೆ ಪಿಂಗ್ ಮಾಡಿ, ಆಗಲ್ಲ. ಗಾಬರಿಯಾಗಬೇಡಿ. ಇಲ್ಲಿ ಸ್ವಂತ ಐಪಿಗೆ ಪಿಂಗ್ ಮಾಡಿದರೂ ಪ್ಯಾಕೆಟ್ ಹೊರಗೆ ಹೋಗಿ ಬರಬೇಕು, ಅದಕ್ಕೂ ಮ್ಯಾಪ್ ಬೇಕು. ತನ್ನ ಐಪಿಗೆ 201 ಅಂತ ಒಂದು ಸಾಲು ಹಾಕಿದರೆ ಹಾಸನಕ್ಕೆ ಹೋಗಿ ವಾಪಸ್ ಬರುತ್ತೆ. ಪರೀಕ್ಷೆಯಲ್ಲಿ ಕೇಳಿದರೆ ಹಾಕಿ. ಇಲ್ಲದಿದ್ದರೆ ಅಗತ್ಯ ಇಲ್ಲ.

ಸ್ಟ್ಯಾಟಿಕ್ ಮ್ಯಾಪ್ ಮೇಲೆ ನನಗೆ ಸ್ವಲ್ಪ ಹಳೇ ಸಿಟ್ಟಿದೆ. ಕಾರಣ ಹೇಳುತ್ತೇನೆ. 2000ದ ದಶಕದ ಮೊದಲ ವರ್ಷಗಳು. ಚಿಕ್ಕಮಗಳೂರಿನಲ್ಲಿ ಮುಖ್ಯ ಕಚೇರಿ, ಮೂಡಿಗೆರೆಯಲ್ಲೊಂದು, ಕೊಪ್ಪದಲ್ಲೊಂದು ಶಾಖೆ ಇದ್ದ ಒಂದು ಸಂಸ್ಥೆಗೆ ಲೈನ್ ಹಾಕಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಲೈನ್ ಕೊಟ್ಟವರು ಒಂದು ಹಾಳೆ ಕೊಟ್ಟರು: ಮೂಡಿಗೆರೆಗೆ 110, ಕೊಪ್ಪಕ್ಕೆ 120. ಹಾಳೆ ನಂಬಿ ಮ್ಯಾಪ್ ಬರೆದೆ. ಎರಡೂ ಪಿವಿಸಿ ಆ್ಯಕ್ಟಿವ್. ಪಿವಿಸಿಯ ಇನ್‌ಪುಟ್, ಔಟ್‌ಪುಟ್ ಎರಡೂ ಲೆಕ್ಕ ಏರುತ್ತಿವೆ. ಪಿಂಗ್ ಮಾತ್ರ ಇಲ್ಲ. ಹೊರಗೆ ಜಡಿಮಳೆ, ಫೋನ್ ಲೈನ್ ಹೋಗಿ ಬಂದು ಮಾಡುತ್ತಿತ್ತು, ಹಾಗಾಗಿ ಎಲ್ಲರ ಬೈಗುಳ ಮಳೆ ಮೇಲೆ. ಒಂದೂವರೆ ದಿನ ಕಳೆಯಿತು. ಕೊನೆಗೆ ಟ್ರೇಸ್‌ರೂಟ್ (ಪ್ಯಾಕೆಟ್ ಯಾವ ಯಾವ ರೂಟರ್ ಹಾಯುತ್ತೆ ಅಂತ ತೋರಿಸುವುದು) ಮಾಡಿದೆ, ಮೂಡಿಗೆರೆಗೆ. ಮೊದಲ ಉತ್ತರ ಬಂದಿದ್ದು ಕೊಪ್ಪದಿಂದ! ಮುಂದಿನದು ನನ್ನದೇ ರೂಟರ್, ಮತ್ತೆ ಕೊಪ್ಪ, ಮತ್ತೆ ನಾನು. ಹಾಳೆಯಲ್ಲಿ ಎರಡು ನಂಬರ್ ಅದಲುಬದಲಾಗಿದ್ದವು. ಮೂಡಿಗೆರೆಯ ಪ್ಯಾಕೆಟ್ ಕೊಪ್ಪಕ್ಕೆ ಹೋಗುತ್ತಿತ್ತು, ಶಾಖೆ ಶಾಖೆ ಮಧ್ಯೆ ಮಾತಾಡಲಿ ಅಂತ ನಾನೇ ಹಾಕಿದ್ದ ಮ್ಯಾಪ್ ನೋಡಿ ಕೊಪ್ಪ ಅದನ್ನು ವಾಪಸ್ ಚಿಕ್ಕಮಗಳೂರಿಗೆ ಎಸೆಯುತ್ತಿತ್ತು, ನಾನು ಮತ್ತೆ ಕೊಪ್ಪಕ್ಕೆ. ಟಿಟಿಎಲ್ (ಪ್ಯಾಕೆಟ್‌ನ ಆಯಸ್ಸಿನ ಲೆಕ್ಕ) ತೀರುವ ತನಕ ಘಾಟಿಯಲ್ಲಿ ಬಸ್ಸು ಹತ್ತಿ ಇಳಿದು, ಹತ್ತಿ ಇಳಿದು. ಲೆಕ್ಕ ಏರದೆ ಇನ್ನೇನು?

ಖಾತ್ರಿ ಮಾಡಿಕೊಂಡಿದ್ದು ಹೀಗೆ. ಹಬ್‌ನ ಸ್ಟ್ಯಾಟಿಕ್ ಸಾಲು ಎರಡನ್ನೂ ತೆಗೆದೆ, ಸುಮ್ಮನಿದ್ದೆ. ಇನ್ವರ್ಸ್ ಆರ್ಪ್ ಮತ್ತೆ ಕೇಳಲು ಶುರು ಮಾಡಿತು. ಸ್ವಲ್ಪ ಹೊತ್ತಿನಲ್ಲೇ ಮ್ಯಾಪ್‌ನಲ್ಲಿ 110ರ ಮುಂದೆ ಕೊಪ್ಪದ ಐಪಿ, 120ರ ಮುಂದೆ ಮೂಡಿಗೆರೆಯದು. ಸ್ಟ್ಯಾಟಿಕ್ ಸಾಲು ಹೇಳೋದು ನೀವು ನಂಬಿದ್ದನ್ನು. ಡೈನಾಮಿಕ್ ಸಾಲು ಹೇಳೋದು ಆ ತುದಿಯಲ್ಲಿ ನಿಜವಾಗಿ ಇರುವವನು ಕೊಟ್ಟ ಉತ್ತರವನ್ನು. ಅವತ್ತಿನಿಂದ ಹೊಸ ಲೈನ್ ಬಂದರೆ ಮೊದಲು ಡೈನಾಮಿಕ್ ಆಗಿ ಕಲಿಯಲು ಬಿಟ್ಟು, ಹಾಳೆ ಜೊತೆ ತಾಳೆ ನೋಡಿ, ಆಮೇಲೆ ಬೇಕಿದ್ದರೆ ಸ್ಟ್ಯಾಟಿಕ್ ಬರೆಯೋದು ನನ್ನ ಪದ್ಧತಿ. ನೀವೂ ಹಾಗೇ ಮಾಡಿ.

ಹಾಗಂತ ಡೈನಾಮಿಕ್ ಪೂರ್ತಿ ಸಾಧು ಅಂತಲ್ಲ. ಒಮ್ಮೆ ಕಲಿತ ಸಾಲು ಅಂಟಿಕೊಂಡೇ ಇರುತ್ತೆ. ಆ ತುದಿಯ ಐಪಿ ಬದಲಿಸಿದ ಮೇಲೂ, 'ನೋ ಫ್ರೇಮ್-ರಿಲೇ ಇನ್ವರ್ಸ್-ಆರ್ಪ್' ಹಾಕಿದ ಮೇಲೂ ಹಳೇ ಸಾಲು ನಿಂತಿರಬಹುದು. ಆಗ 'ಕ್ಲಿಯರ್ ಫ್ರೇಮ್-ರಿಲೇ ಇನ್‌ಆರ್ಪ್' ಹಾಕಿ. ಹಳೇ ಐಓಎಸ್ (ಸಿಸ್ಕೋ ರೂಟರ್‌ನ ತಂತ್ರಾಂಶ) ಆದರೆ ರಿಲೇ ಮತ್ತು ಇನ್‌ಆರ್ಪ್ ಮಧ್ಯೆಯೂ ಒಂದು ಅಡ್ಡಗೆರೆ ಬೇಕಾಗುತ್ತೆ. ಐಪಿ ಕೊಡುವ ಮೊದಲೇ ಇಂಟರ್‌ಫೇಸ್ ಎಬ್ಬಿಸಿದವರಿಗೆ ಒಮ್ಮೊಮ್ಮೆ 0.0.0.0 ಅಂತ ಒಂದು ಭೂತದ ಸಾಲು ಕಾಣುತ್ತೆ. ಅದು ಕ್ಲಿಯರ್‌ಗೂ ಬಗ್ಗದಿದ್ದರೆ ಸೇವ್ ಮಾಡಿ ರೀಲೋಡ್ ಮಾಡಿ, ಬೇರೆ ತಲೆನೋವು ಬೇಡ.

ನನ್ನನ್ನು ಕೇಳಿದರೆ ನಿಮ್ಮ ಲ್ಯಾಬ್‌ನಲ್ಲಿ ಇದು ಸರಿಯಾದ ಮೇಲೆ ಎಲ್ಲಾ ಅಳಿಸಿ, ಪಾಯಿಂಟ್-ಟು-ಪಾಯಿಂಟ್ ಸಬ್ ಇಂಟರ್‌ಫೇಸ್ ಮಾಡಿ ಮತ್ತೊಮ್ಮೆ ಕಟ್ಟಿ. ಒಂದು ಸಬ್ ಇಂಟರ್‌ಫೇಸ್, ಒಂದು ಡಿಎಲ್‌ಸಿಐ, ಒಂದು /30 ಸಬ್‌ನೆಟ್ (ಎರಡು ರೂಟರ್‌ಗೆ ಸಾಕಾಗುವ ನಾಲ್ಕು ಐಪಿಗಳ ಗುಂಪು). ಹೋಗೋಕೆ ಒಂದೇ ದಾರಿ ಇರುವುದರಿಂದ ಯಾವ ಐಪಿ ಯಾವ ದಾರಿ ಅನ್ನೋ ಪ್ರಶ್ನೆಯೇ ಏಳಲ್ಲ, ಇನ್ವರ್ಸ್ ಆರ್ಪ್ ಬೇಕಾಗಲ್ಲ, ಮ್ಯಾಪ್ ಸಾಲು ಬರೆಯೋ ಹಾಗೂ ಇಲ್ಲ. 'ಇಂಟರ್‌ಫೇಸ್-ಡಿಎಲ್‌ಸಿಐ' ಅಂತ ಒಂದು ಸಾಲು ಹಾಕಿದರೆ ಮುಗಿಯಿತು. ಸಬ್‌ನೆಟ್ ಜಾಸ್ತಿ ಖರ್ಚಾಗುತ್ತೆ ಅಂತ ಹಿಂದೆ ಜನ ಹಿಂಜರಿಯುತ್ತಿದ್ದರು. ನಾನು ಒಂದೂವರೆ ದಿನ ಕಳೆದುಕೊಳ್ಳುವುದಕ್ಕಿಂತ ನಾಲ್ಕು ಐಪಿ ಕಳೆದುಕೊಳ್ಳುತ್ತೇನೆ. ಒಂದೇ ಎಚ್ಚರ, ಸಬ್ ಇಂಟರ್‌ಫೇಸನ್ನು ಒಮ್ಮೆ ಮಲ್ಟಿಪಾಯಿಂಟ್ (ಹಲವು ತುದಿಗೆ ಒಂದೇ) ಅಂತ ಮಾಡಿದ ಮೇಲೆ ಅದೇ ನಂಬರನ್ನು ಪಾಯಿಂಟ್-ಟು-ಪಾಯಿಂಟ್ ಮಾಡಲು ಅಳಿಸಿ ರೀಲೋಡ್ ಮಾಡಬೇಕಾಗುತ್ತೆ. ಬೇರೆ ನಂಬರ್ ತಗೊಂಡರೆ ಆ ರಗಳೆ ಇಲ್ಲ.

ಈ ಕಾಲದಲ್ಲಿ ಫ್ರೇಮ್ ರಿಲೇ ಯಾಕೆ ಕಲೀತೀಯಾ ಅಂತ ನಿಮ್ಮ ಗೆಳೆಯರು ನಗುತ್ತಿರಬಹುದು. 2016ರಲ್ಲಿ ಬಂದ ಸಿಸ್ಕೋದ ಸಿಸಿಎನ್‌ಎ ಪರೀಕ್ಷೆಯಿಂದಲೇ ಅದನ್ನು ಕೈಬಿಟ್ಟರು, ನಿಜ. ಆದರೆ ನಾಳೆ ನೀವು ಡಿಎಂವಿಪಿಎನ್ (ಇಂಟರ್‌ನೆಟ್ ಮೇಲೆ ಶಾಖೆಗಳನ್ನು ಜೋಡಿಸುವ ಟನೆಲ್ ಜಾಲ) ಕಟ್ಟಲು ಕೂತಾಗ ಎನ್‌ಎಚ್‌ಆರ್‌ಪಿ ಮ್ಯಾಪ್ ಅಂತ ಬರುತ್ತೆ. ಟನೆಲ್ ಒಳಗಿನ ಐಪಿಗೆ ಹೊರಗಿನ ಐಪಿ ಯಾವುದು ಅನ್ನೋ ಅದೇ ಪ್ರಶ್ನೆ. ಅಲ್ಲಿ ಮಲ್ಟಿಕಾಸ್ಟ್‌ಗೆ ಬೇರೆ ಮ್ಯಾಪ್ ಸಾಲು ಹಾಕೋದು ಮರೆತು, ನೇಬರ್ ಬರ್ತಿಲ್ಲ ಅಂತ ಒದ್ದಾಡುವವರನ್ನು ನೋಡಿದಾಗ ನಿಮಗೆ ಈ ಸಕಲೇಶಪುರದ ರೂಟರ್ ನೆನಪಾಗುತ್ತೆ ನೋಡಿ.

ಈಗ ಆ ಎರಡು ಸಾಲು ಹಾಕಿ, ಸೇವ್ ಮಾಡಿ, ಆಮೇಲೆ ನಾಲ್ಕೂ ರೂಟರ್‌ನ ಪ್ಲಗ್ ನೀವೇ ಕಿತ್ತು ಮತ್ತೆ ಹಾಕಿ. ಮಳೆ ಬಂದು ಕರೆಂಟ್ ಹೋಗಲಿ ಅಂತ ಕಾಯಬೇಡಿ. ಎದ್ದ ಮೇಲೆ ಮೂರೂ ಕಡೆಯಿಂದ ಉಳಿದೆರಡಕ್ಕೆ, ಒಟ್ಟು ಆರು ಪಿಂಗ್ ಮಾಡಿ. ಯಾವುದಾದರೂ ಬರಲಿಲ್ಲ ಅಂದರೆ ಪಿಂಗ್‌ನ ಚುಕ್ಕಿಗಳ ಫೋಟೋ ಬೇಡ, ಮೂರೂ ರೂಟರ್‌ನ ಮ್ಯಾಪ್ ಔಟ್‌ಪುಟ್ ಕಳಿಸಿ.